ಮಿರ್ಜಾನಿನ ಗದ್ದೆಗೆ ಲೋಹಶೋಧಕ ಹಿಡಿದು ಇಳಿಯಬಹುದೇ?

ಪ್ರಶ್ನೆ: ಮಾನ್ಯರೇ, ನಮ್ಮದು ಕುಮಟಾ ತಾಲೂಕು, ಮಿರ್ಜಾನ್ ಕೋಟೆಗೆ ಹತ್ತಿರದ ಊರು. ಇಂಗ್ಲೆಂಡಿನವರು ಚಳಿಗಾಲ ಮುಗಿಯುತ್ತಲೇ ಹೊಲಕ್ಕಿಳಿದು ಮೆಟಲ್ ಡಿಟೆಕ್ಟರ್ ಹಿಡಿದು ರೋಮನ್ ನಾಣ್ಯ, ಹಳೆಯ ಗುಂಡಿ, ಬಕಲ್‌ಗಳನ್ನು ತೆಗೆಯುವ ವಿಡಿಯೋಗಳನ್ನು ನೋಡಿ ನೋಡಿ ನಾನೂ ಆನ್‌ಲೈನಿನಲ್ಲಿ ಒಂದು ಯಂತ್ರ ತರಿಸಿದೆ. ಈಗ ಭತ್ತದ ಗದ್ದೆಗಳೆಲ್ಲ ಖಾಲಿ. ಶಿವರಾತ್ರಿ ಕಳೆಯಿತು, ಹೋಳಿ ಹತ್ತಿರ ಬಂತು. ಯುಗಾದಿಯೊಳಗೆ ನಮ್ಮ ಗದ್ದೆ, ಕೋಟೆಯ ಆಸುಪಾಸು, ಸಾಧ್ಯವಾದರೆ ಗೇರುಸೊಪ್ಪೆ ಮತ್ತು ಕಾರವಾರದ ಕಡಲತೀರದಲ್ಲಿ ಹುಡುಕಬೇಕೆಂದಿದ್ದೇನೆ. ಪರವಾನಗಿ ಬೇಕೇ? ನಮ್ಮ ಕೆಂಪುಮಣ್ಣಿನ ಮೇಲೆ ಹಿಡಿದರೆ ಯಂತ್ರ ಸುಮ್ಮನೆ ಅರಚುತ್ತದೆ, ಏನು ಮಾಡಲಿ? ಇನ್ನೊಂದು ವಿಷಯ: ಅಜ್ಜ ಗದ್ದೆ ಉಳುವಾಗ ಸಿಕ್ಕಿತೆನ್ನುವ ಕಬ್ಬಿಣದ ಗುಂಡೊಂದು ಬಚ್ಚಲ ಒಲೆಯ ಪಕ್ಕ ಬಿದ್ದಿದೆ. ತುಕ್ಕು ಏಳುತ್ತಿದೆ. ಅದನ್ನು ಸ್ವಚ್ಛ ಮಾಡುವುದು ಹೇಗೆ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದವು ಕಾಯಬಲ್ಲವು. ಆ ಗುಂಡನ್ನು ಸರಿಯಾಗಿ ನೋಡುವವರೆಗೆ ಬಚ್ಚಲ ಒಲೆಗೆ ಬೆಂಕಿ ಹಾಕಬೇಡಿ.

ತೋಪಿನ ಗುಂಡುಗಳಲ್ಲಿ ಎರಡು ಜಾತಿ. ಒಂದು ಘನವಾದ ಎರಕದ ಗುಂಡು. ಅದು ಬರೀ ಕಬ್ಬಿಣ, ಕಾಲಿನ ಮೇಲೆ ಬಿದ್ದರೆ ಮಾತ್ರ ಅಪಾಯ. ಇನ್ನೊಂದು ಒಳಗೆ ಟೊಳ್ಳಿರುವ, ಕರಿಮದ್ದು ತುಂಬಿದ ಸಿಡಿಗುಂಡು. ಅದರ ಮೈಮೇಲೆ ಎಲ್ಲಾದರೊಂದು ಕಡೆ ಬತ್ತಿಯ ತೂತು ಇರುತ್ತದೆ. ಕೆಲವೊಮ್ಮೆ ತೂತಿನಲ್ಲಿ ಮರದ ಅಥವಾ ಲೋಹದ ಬಿರಡೆ ಹಾಗೆಯೇ ಉಳಿದಿರುತ್ತದೆ. ಕರಿಮದ್ದು ನೂರಾರು ವರ್ಷ ಮಣ್ಣಿನಲ್ಲಿದ್ದರೂ ಒಳಗೆ ಒಣಗಿದ್ದರೆ ಅದರ ಗುಣ ಹೋಗುವುದಿಲ್ಲ. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಅಂತರ್ಯುದ್ಧ ಕಾಲದ ಗುಂಡೊಂದನ್ನು ಮನೆಯಂಗಳದಲ್ಲಿ ಸ್ವಚ್ಛ ಮಾಡುತ್ತಿದ್ದ ಸಂಗ್ರಾಹಕರೊಬ್ಬರು ಅದು ಸಿಡಿದು ತೀರಿಕೊಂಡರು. ಅವರು ಹೊಸಬರಲ್ಲ, ಇಂಥ ಗುಂಡುಗಳನ್ನು ಬಿಚ್ಚುವುದರಲ್ಲಿ ಪಳಗಿದವರು. ಆದ್ದರಿಂದ ನಿಮ್ಮ ಗುಂಡಿನ ಮೇಲೆ ತೂತು, ಬಿರಡೆ, ದುಂಡಗಿನ ಕಲೆ ಏನೇ ಕಂಡರೂ ಮುಟ್ಟಬೇಡಿ, ಅಲುಗಿಸಿ ನೋಡಬೇಡಿ. 112ಕ್ಕೆ ಕರೆ ಮಾಡಿ. ಪೊಲೀಸರು ಬಾಂಬ್ ನಿಷ್ಕ್ರಿಯ ದಳವನ್ನು ಕರೆಸುತ್ತಾರೆ. ಊರವರು ನಕ್ಕರೆ ನಗಲಿ.

ತೂತು ಕಾಣದಿದ್ದರೆ ಒಂದು ಲೆಕ್ಕ ಮಾಡಬಹುದು. ಗುಂಡಿನ ನಡುವಿಗೆ ದಾರ ಸುತ್ತಿ ಉದ್ದ ಅಳೆದು, 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. ಎರಕದ ಕಬ್ಬಿಣ ನೀರಿಗಿಂತ ಸುಮಾರು 7.2 ಪಟ್ಟು ಭಾರ. ಹಾಗಾಗಿ 8 ಸೆಂಟಿಮೀಟರ್ ವ್ಯಾಸದ ಘನ ಗುಂಡು ಸುಮಾರು 1.9 ಕಿಲೋ, 10 ಸೆಂಟಿಮೀಟರಿನದು 3.8 ಕಿಲೋ, 12 ಸೆಂಟಿಮೀಟರಿನದು 6.5 ಕಿಲೋ ತೂಗಬೇಕು. ಮೆಲ್ಲಗೆ ಎತ್ತಿ ತಕ್ಕಡಿಯ ಮೇಲಿಡಿ. ತುಕ್ಕಿನಿಂದ ಸ್ವಲ್ಪ ಕಡಿಮೆ ಬರುವುದು ಸಹಜ. ಕಾಲುಭಾಗವೋ ಮೂರನೆಯ ಒಂದು ಭಾಗವೋ ಕಡಿಮೆ ಬಂದರೆ ತೂತು ತುಕ್ಕಿನಡಿ ಮುಚ್ಚಿಹೋಗಿದೆ ಎಂದೇ ತಿಳಿದು ಪೊಲೀಸರಿಗೆ ಹೇಳಿ. ಲೆಕ್ಕಕ್ಕಿಂತ ಹೆಚ್ಚು ತೂಗಿದರೆ ಅದು ಎರಕದ ಕಬ್ಬಿಣವಲ್ಲ, ಉಕ್ಕು. ಅದಿರು ಅರೆಯುವ ಗಿರಣಿಗಳಲ್ಲಿ ಬಳಸುವ ಉಕ್ಕಿನ ಗುಂಡುಗಳನ್ನು ತೋಪಿನ ಗುಂಡೆಂದು ಪೂಜಿಸುವವರಿದ್ದಾರೆ. ತೂಕ ಕರಾರುವಾಕ್ಕಾಗಿ 4 ಕಿಲೋ ಬಂದು, ವ್ಯಾಸ ಹತ್ತು ಸೆಂಟಿಮೀಟರಿನ ಆಸುಪಾಸಿನಲ್ಲಿದ್ದರೆ ಹತ್ತಿರದ ಶಾಲೆಯ ದೈಹಿಕ ಶಿಕ್ಷಕರನ್ನೂ ಒಂದು ಮಾತು ಕೇಳಿ. ಹುಡುಗಿಯರ ಗುಂಡು ಎಸೆತದ ಗುಂಡು ಅಷ್ಟೇ ಇರುತ್ತದೆ.

ಘನ ಗುಂಡೇ ಎಂದು ಖಚಿತವಾಯಿತು ಎಂದಿಟ್ಟುಕೊಳ್ಳೋಣ. ಈಗ ಅದರ ಮೈಯನ್ನು ಬೆಳಕಿಗೆ ಹಿಡಿದು ನೋಡಿ. ಕಬ್ಬಿಣ ಪದರ ಪದರವಾಗಿ ಏಳುತ್ತಿದೆಯೇ? ಮಳೆಗಾಲದಲ್ಲಿ ಅದರ ಮೇಲೆ ಸಾಸಿವೆ ಗಾತ್ರದ ಕಿತ್ತಳೆ ಬಣ್ಣದ ಹನಿಗಳು ಕೂರುತ್ತವೆಯೇ? ಅದನ್ನು ಕಬ್ಬಿಣ ಬೆವರುವುದು ಎನ್ನುತ್ತಾರೆ. ಅಘನಾಶಿನಿ ಹೊಳೆಯ ಉಪ್ಪುನೀರು ಹತ್ತಿ ಇಳಿಯುವ ನೆಲದಲ್ಲಿ ಹೂತಿದ್ದ ಕಬ್ಬಿಣದೊಳಕ್ಕೆ ಉಪ್ಪಿನಿಂದ ಬಂದ ಕ್ಲೋರೈಡ್ ಸೇರಿಕೊಂಡಿರುತ್ತದೆ. ಗಾಳಿಯ ತೇವ ತಾಗಿದಾಗಲೆಲ್ಲ ಅದು ಒಳಗಿನಿಂದಲೇ ಕಬ್ಬಿಣವನ್ನು ತಿನ್ನುತ್ತದೆ. ಮೇಲಿನ ತುಕ್ಕನ್ನು ಮರಳು ಕಾಗದ ಹಾಕಿ ತಿಕ್ಕಿ ಎಣ್ಣೆ ಹಚ್ಚಿದರೆ ನಾಲ್ಕು ದಿನ ಮಿರುಗುತ್ತದೆ, ಆಮೇಲೆ ಮೊದಲಿಗಿಂತ ಜೋರಾಗಿ ಬಿರಿಯುತ್ತದೆ. ಜೊತೆಗೆ ಗುಂಡಿನ ಮೂಲ ಮೈ, ಅಂದರೆ ಅಚ್ಚಿನ ಎರಡು ಭಾಗ ಕೂಡಿದ ಗೆರೆ ಮತ್ತು ಲೋಹ ಹೊಯ್ದ ಬಾಯಿಯ ಗುರುತು, ಆ ತುಕ್ಕಿನ ಪದರದಲ್ಲೇ ಇರುತ್ತದೆ. ತಿಕ್ಕಿದರೆ ಅದೂ ಹೋಗುತ್ತದೆ. ನಿಮ್ಮ ಗುಂಡು ದಶಕಗಳಿಂದ ಹೊರಗಿರುವುದರಿಂದ ಮತ್ತೆ ನೀರಿಗೆ ಹಾಕಬೇಡಿ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಸಾಕಷ್ಟು ಹಾಕಿ ಅದರಲ್ಲಿಡಿ. ಉದುರಿದ ಚಕ್ಕೆಗಳನ್ನು ಎಸೆಯದೆ ಅದೇ ಡಬ್ಬಿಯಲ್ಲಿ ಬೇರೆ ಪೊಟ್ಟಣ ಮಾಡಿಡಿ. ಹೊಸದಾಗಿ ಒದ್ದೆ ಮಣ್ಣಿನಿಂದ ಬಂದ ಕಬ್ಬಿಣದ ಕಥೆ ಬೇರೆ. ಅದು ಒಣಗಬಾರದು. ಲೀಟರ್ ನೀರಿಗೆ 50 ಗ್ರಾಂ ವಾಷಿಂಗ್ ಸೋಡಾ ಕರಗಿಸಿ, ಪೂರ್ತಿ ಮುಳುಗಿಸಿಟ್ಟು, ಸಂರಕ್ಷಣಾ ತಜ್ಞರ ಕೈಗೆ ಒಪ್ಪಿಸಬೇಕು. ಅಡುಗೆ ಸೋಡಾ ಅಲ್ಲ, ಬಟ್ಟೆ ಒಗೆಯುವ ಸೋಡಾ.

ಇನ್ನು ಪರವಾನಗಿಯ ಪ್ರಶ್ನೆ. ನೀವು ನೋಡುವ ವಿಡಿಯೋಗಳಲ್ಲಿ ಹೊಲ, ಯಂತ್ರ, ಚಿನ್ನ ಎಲ್ಲ ಕಾಣುತ್ತವೆ, ಅವುಗಳ ಹಿಂದಿರುವ ಕಾನೂನು ಮಾತ್ರ ಕಾಣುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊಲದ ಒಡೆಯನ ಒಪ್ಪಿಗೆ ಇದ್ದರೆ, ಅದು ಸಂರಕ್ಷಿತ ನೆಲೆಯಲ್ಲದಿದ್ದರೆ, ಹುಡುಕಬಹುದು. 1996ರ ನಿಧಿ ಕಾಯ್ದೆಯ ವ್ಯಾಖ್ಯೆಗೆ ಬರುವ ವಸ್ತು ಸಿಕ್ಕರೆ 14 ದಿನಗಳೊಳಗೆ ಅಧಿಕಾರಿಗೆ ತಿಳಿಸಬೇಕು. ಉಳಿದ ಸಣ್ಣಪುಟ್ಟ ವಸ್ತುಗಳನ್ನೂ ದಾಖಲಿಸಿಕೊಳ್ಳಲು 1997ರಿಂದ ಒಂದು ವ್ಯವಸ್ಥೆಯೇ ಅಲ್ಲಿದೆ. ಪಕ್ಕದ ಫ್ರಾನ್ಸಿನಲ್ಲಿ ಇದೇ ಕೆಲಸಕ್ಕೆ ಸರ್ಕಾರದ ಅನುಮತಿ ಬೇಕು. ಅಂದರೆ ಈ ಹವ್ಯಾಸ ಯುರೋಪಿನಲ್ಲೂ ಎಲ್ಲೆಡೆ ಸಲ್ಲುವಂಥದ್ದಲ್ಲ.

ನಮ್ಮಲ್ಲಿ ಬ್ರಿಟಿಷರು 1878ರಲ್ಲಿ ನಿಧಿ ಕಾಯ್ದೆ ಮಾಡಿದರು. ನೆಲದಲ್ಲಿ ಅಡಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಏನೇ ಸಿಕ್ಕರೂ ಕಲೆಕ್ಟರರಿಗೆ ಬರೆದು ತಿಳಿಸಬೇಕು, ತಿಳಿಸದಿದ್ದರೆ ಒಂದು ವರ್ಷದವರೆಗೆ ಜೈಲು ಎಂದು ಅದರಲ್ಲಿತ್ತು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ಮೂಲ ತತ್ತ್ವ ಅದೇ: ಗದ್ದೆ ನಿಮ್ಮದೇ ಆಗಿರಬಹುದು, ಪಹಣಿ ನಿಮ್ಮ ಹೆಸರಿನಲ್ಲೇ ಇರಬಹುದು, ಆದರೂ ಸಿಕ್ಕಿದ್ದನ್ನು ಮುಚ್ಚಿಟ್ಟುಕೊಳ್ಳುವಂತಿಲ್ಲ, ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ವಸ್ತು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೂ ಬರುತ್ತದೆ. ಅಂಥದ್ದನ್ನು ದೇಶದಾಚೆ ಕಳಿಸುವಂತಿಲ್ಲ. ವ್ಯಾಪಾರಕ್ಕೆ ಪರವಾನಗಿ ಬೇಕು. ‘ಹಳೆಯ ನಾಣ್ಯ ಕೊಡಿ, ಲಕ್ಷ ಕೊಡುತ್ತೇವೆ’ ಎಂಬ ಜಾಹೀರಾತುಗಳ ಕಡೆ ತಲೆಯನ್ನೂ ಹಾಕಬೇಡಿ. ಮುಂಗಡವಾಗಿ ‘ನೋಂದಣಿ ಶುಲ್ಕ’ ಕೇಳಿ ಮಾಯವಾಗುವ ವಂಚಕರೇ ಅಲ್ಲಿ ಹೆಚ್ಚು.

ಕೋಟೆಯ ಆಸುಪಾಸು ಎಂದಿದ್ದೀರಿ. ಬೇಡ. ಸಂರಕ್ಷಿತ ಸ್ಮಾರಕದ ನೆಲದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಕೇಂದ್ರದ ಸಂರಕ್ಷಣೆಯಲ್ಲಿರುವ ಸ್ಮಾರಕಗಳ ಸುತ್ತ ನೂರು ಮೀಟರ್ ನಿಷೇಧಿತ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ವಲಯ. ಅಲ್ಲಿ ಮನೆ ಕಟ್ಟುವವರೇ ಅನುಮತಿಗೆ ಅಲೆಯುತ್ತಾರೆ, ಗುದ್ದಲಿ ಹಿಡಿದು ನಿಂತವರನ್ನು ಯಾರು ಬಿಡುತ್ತಾರೆ? ಗೇರುಸೊಪ್ಪೆಯ ನಗರಬಸ್ತಿಕೇರಿಯಂತೂ ಕಾಡಿನ ನಡುವಿನ ಜಾಗ. ಚತುರ್ಮುಖ ಬಸದಿಯ ಸುತ್ತ ಹಳೆಯ ಪಟ್ಟಣದ ಅವಶೇಷಗಳು ಹರಡಿಕೊಂಡಿವೆ ಎಂಬುದೇ ಅಲ್ಲಿ ಅಗೆಯಬಾರದೆನ್ನಲು ಕಾರಣ. ಅರಣ್ಯದಲ್ಲಿ ನೆಲ ಅಗೆದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಬೆನ್ನಿಗೆ ಬೀಳುತ್ತದೆ. ಕಾರವಾರದಲ್ಲಿ ಅರ್ಗಾದ ನೌಕಾನೆಲೆಯ ಆಸುಪಾಸಿನ ತೀರದಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಂತ್ರ ಬೀಸುತ್ತ ನಿಂತರೆ ನಿಮ್ಮ ಇತಿಹಾಸಪ್ರೇಮವನ್ನು ವಿವರಿಸುವುದರಲ್ಲೇ ಆ ದಿನ ಮುಗಿಯುತ್ತದೆ.

ಕಾನೂನಿಗಿಂತ ಮೊದಲು ಊರಿದೆ. ನಮ್ಮ ಜಿಲ್ಲೆಯಲ್ಲಿ ನಿಧಿಗಳ್ಳರ ಕಾಟವನ್ನು ಜನ ಕಣ್ಣಾರೆ ಕಂಡಿದ್ದಾರೆ. ಅಮಾವಾಸ್ಯೆಯ ರಾತ್ರಿ ಬಂದು ಲಿಂಗ ಕಿತ್ತು, ಪಾಣಿಪೀಠ ಒಡೆದು, ನಂದಿಯ ಹೊಟ್ಟೆಯಲ್ಲಿ ಚಿನ್ನವಿದೆಯೆಂದು ಸೀಳಿ, ವೀರಗಲ್ಲನ್ನು ಬುಡಮೇಲು ಮಾಡಿ, ಗುಂಡಿಯ ಬಾಯಲ್ಲಿ ನಿಂಬೆಹಣ್ಣು ಕುಂಕುಮ ಬಿಟ್ಟು ಹೋಗುವವರು. ವೀರಗಲ್ಲಿನಡಿ ಹಣ ಹೂಳುವ ಪದ್ಧತಿಯೇ ಇರಲಿಲ್ಲ ಎಂಬುದು ಅವರಿಗೆ ಬೇಕಾಗಿಲ್ಲ. ನೀವು ಬೆಳಗ್ಗೆ ಹತ್ತಕ್ಕೆ, ಸಜ್ಜನಿಕೆಯಿಂದ, ಯಂತ್ರ ಹಿಡಿದು ಹೋದರೂ ಚೌಡಿಬನದ ಹತ್ತಿರ ಕಂಡವರ ಕಣ್ಣಿಗೆ ಅವರ ಪೈಕಿಯೇ. ಜನ ಮೊದಲು ಕೈಮಾಡುತ್ತಾರೆ, ಆಮೇಲೆ ಮಾತು. ಅವರನ್ನು ತಪ್ಪೆನ್ನಲೂ ಆಗದು.

ಈಗ ವಸಂತದ ವಿಚಾರ. ಬ್ರಿಟನ್ನಿನಲ್ಲಿ ಚಳಿಗಾಲ ಮುಗಿದು ಬೆಳೆ ಮೇಲೇಳುವ ಮುನ್ನ ಸಿಗುವ ಅವಧಿ ಈ ಹವ್ಯಾಸಿಗಳಿಗೆ ಸುಗ್ಗಿ. ಉತ್ತ ನೆಲ ಬರಿದಾಗಿರುತ್ತದೆ, ಮಣ್ಣು ತೇವವಾಗಿ ಮೆತ್ತಗಿರುತ್ತದೆ, ಹುಲ್ಲು ಇನ್ನೂ ಮೊಳಕೈ ಎತ್ತರಕ್ಕೆ ಬೆಳೆದಿರುವುದಿಲ್ಲ, ಯಂತ್ರದ ಸುರುಳಿಯನ್ನು ನೆಲಕ್ಕೆ ತಾಗುವಂತೆ ಬೀಸಬಹುದು. ನಮ್ಮ ಕರಾವಳಿಯಲ್ಲಿ ಫಾಲ್ಗುಣ-ಚೈತ್ರ ಅದಕ್ಕೆ ತದ್ವಿರುದ್ಧ. ಸುಗ್ಗಿ ಕುಣಿತದ ಹೊತ್ತಿಗೆ ಮಳೆಯನ್ನೇ ನಂಬಿದ ಮಕ್ಕಿಗದ್ದೆ ಬಿರುಕುಬಿಟ್ಟು ಕಲ್ಲಾಗಿರುತ್ತದೆ. ಅಲ್ಲಿ ಹಾರೆಯಿಂದ ಹೊಡೆದರೆ ಒಳಗಿನ ನಾಣ್ಯಕ್ಕೂ ಪೆಟ್ಟು. ಒಣಗಿದ ನೆಲಕ್ಕಿಂತ ತೇವದ ನೆಲದಲ್ಲಿ ಸದ್ದು ಚೆನ್ನಾಗಿ ಬರುತ್ತದೆ ಎನ್ನುವುದು ಯಂತ್ರ ಬಳಸುವವರ ಸಾಮಾನ್ಯ ಅನುಭವ. ಇನ್ನು ಗದ್ದೆ ಖಾಲಿ ಎನ್ನುವ ಮಾತೂ ಅರ್ಧ ನಿಜ. ಅಂಕೋಲಾ-ಕುಮಟಾದ ಮರಳು ಮಿಶ್ರಿತ ಗದ್ದೆಗಳಲ್ಲಿ ಈಗ ಶೇಂಗಾ, ತರಕಾರಿ, ಈರುಳ್ಳಿ ನಿಂತಿದೆ. ಇನ್ನೊಬ್ಬರ ಈರುಳ್ಳಿ ಸಾಲಿನಲ್ಲಿ ಇತಿಹಾಸ ಹುಡುಕಲು ಹೋಗಬೇಡಿ.

ಕಡಲತೀರಕ್ಕೂ ಇದು ಕಾಲವಲ್ಲ. ಪಶ್ಚಿಮ ಕರಾವಳಿಯ ತೀರಗಳನ್ನು ಮಳೆಗಾಲದ ಅಲೆಗಳು ಜೂನ್‌ನಿಂದ ಕೊರೆಯುತ್ತವೆ. ಮರಳು ಸರಿದು ಹಳೆಯ ಪದರ ಮೇಲೆ ಕಾಣುವುದು ಆಗ. ಮಳೆ ನಿಂತ ಮೇಲೆ ಸಮುದ್ರ ಮರಳನ್ನು ನಿಧಾನವಾಗಿ ಮರಳಿ ತಂದು ಹಾಕುತ್ತದೆ. ಮಾರ್ಚ್ ಹೊತ್ತಿಗೆ ಟಾಗೋರ್ ತೀರದಲ್ಲಾಗಲಿ ದೇವಬಾಗದಲ್ಲಾಗಲಿ ಆ ಪದರದ ಮೇಲೆ ಹೊಸ ಮರಳು ದಪ್ಪವಾಗಿ ಕೂತಿರುತ್ತದೆ. ಸಾಮಾನ್ಯ ಯಂತ್ರ ಒಂದು ನಾಣ್ಯವನ್ನು ಹಿಡಿಯುವುದು ಗೇಣುದ್ದದ ಆಳದವರೆಗೆ, ಅದೂ ಮಣ್ಣು ಒಳ್ಳೆಯದಿದ್ದರೆ. ಆದ್ದರಿಂದ ಈಗ ನಿಮಗೆ ಸಿಗುವುದು ಕಳೆದ ಡಿಸೆಂಬರಿನ ಪ್ರವಾಸಿಗರ ಚಿಲ್ಲರೆ. ಅದಕ್ಕಿಂತ ಮುಖ್ಯವಾದ ಕಾರಣ ಬೇರೆ. ಕಡಲಾಮೆಗಳು ನಮ್ಮ ತೀರಕ್ಕೆ ಬಂದು ಮೊಟ್ಟೆಯಿಡುವುದು ಈ ತಿಂಗಳುಗಳಲ್ಲೇ. ಮೊಳದಷ್ಟು ಆಳದಲ್ಲಿ ನೂರರ ಆಸುಪಾಸಿನ ಮೊಟ್ಟೆಗಳಿರುತ್ತವೆ. ಅರಣ್ಯ ಇಲಾಖೆ ಬಲೆ ಕಟ್ಟಿ ಕಾಯುವ ಗೂಡುಗಳು ಕಣ್ಣಿಗೆ ಕಾಣುತ್ತವೆ, ಯಾರೂ ಕಾಣದ ಗೂಡುಗಳು ಕಾಣುವುದಿಲ್ಲ. ಮೇ ಮುಗಿಯುವವರೆಗೆ ಮರಳಿಗೆ ಸಲಿಕೆ ಹಾಕಬೇಡಿ.

ಯಂತ್ರ ಅರಚುವುದಕ್ಕೆ ಕಾರಣ ಯಂತ್ರವಲ್ಲ, ನಮ್ಮ ಚಿರೇಕಲ್ಲು, ಅಂದರೆ ಜಂಬಿಟ್ಟಿಗೆ. ಯಂತ್ರದ ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಅದರ ಕಾಂತಕ್ಷೇತ್ರ ನೆಲದೊಳಗಿನ ಲೋಹದಲ್ಲಿ ಸಣ್ಣ ಸುಳಿವಿದ್ಯುತ್ತನ್ನು ಎಬ್ಬಿಸುತ್ತದೆ. ಆ ಸುಳಿಯ ಮರುಕ್ಷೇತ್ರವನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಮರುಕ್ಷೇತ್ರ ಎಷ್ಟು ತಡವಾಗಿ ಬಂತು ಎಂಬುದರಿಂದ ಕಬ್ಬಿಣವೋ ತಾಮ್ರವೋ ಎಂಬ ಊಹೆ. ನಮ್ಮ ಜಂಬಿಟ್ಟಿಗೆ ನೆಲವೋ, ಕಬ್ಬಿಣದ ಆಕ್ಸೈಡ್‌ಗಳ ಗಣಿ. ಅದು ತಾನೇ ಉತ್ತರ ಕೊಡತೊಡಗುತ್ತದೆ. ತರಗೆಲೆ ಸುಟ್ಟ ಜಾಗವಾದರೆ ಇನ್ನೂ ಕಷ್ಟ, ಏಕೆಂದರೆ ಬೆಂಕಿಯ ಕಾವಿಗೆ ಈ ಆಕ್ಸೈಡ್‌ಗಳು ಇನ್ನಷ್ಟು ಕಾಂತಗುಣದ ರೂಪಕ್ಕೆ ತಿರುಗುತ್ತವೆ. ಮಳೆಗಾಲಕ್ಕೆ ಮುಂಚೆ ಗದ್ದೆಯಲ್ಲಿ ಸೊಪ್ಪು ದರಕು ಸುಡುವ ನಮ್ಮ ಪದ್ಧತಿಗೂ ಈ ಯಂತ್ರಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ.

ಪರಿಹಾರ ಸ್ವಲ್ಪ ಮಟ್ಟಿಗೆ ಇದೆ. ಗ್ರೌಂಡ್ ಬ್ಯಾಲೆನ್ಸ್ ಎಂಬ ಗುಂಡಿ ಇದ್ದರೆ, ಲೋಹವಿಲ್ಲದ ಶುದ್ಧ ನೆಲದ ಮೇಲೆ ಸುರುಳಿಯನ್ನು ಮೇಲೆ ಕೆಳಗೆ ಆಡಿಸುತ್ತ ಸದ್ದು ಅಡಗುವವರೆಗೆ ಹೊಂದಿಸಿ. ಗದ್ದೆ ಬದಲಾದಾಗಲೆಲ್ಲ ಮತ್ತೆ ಮಾಡಬೇಕು. ಸೂಕ್ಷ್ಮತೆಯನ್ನು ತಗ್ಗಿಸಿ. ಅತಿ ಸೂಕ್ಷ್ಮತೆಯಲ್ಲಿ ಅರಚುವ ಯಂತ್ರಕ್ಕಿಂತ ಕಡಿಮೆ ಸೂಕ್ಷ್ಮತೆಯಲ್ಲಿ ಸುಮ್ಮನಿರುವ ಯಂತ್ರ ಹೆಚ್ಚು ಆಳಕ್ಕೆ ಕೇಳುತ್ತದೆ. ದೊಡ್ಡ ಸುರುಳಿ ದೊಡ್ಡ ನೆಲವನ್ನೂ ಒಟ್ಟಿಗೆ ನೋಡುತ್ತದೆ, ಆದ್ದರಿಂದ ಚಿರೇಕಲ್ಲಿನ ನೆಲಕ್ಕೆ ಸಣ್ಣ ಸುರುಳಿಯೇ ಮೇಲು. ಒದ್ದೆ ಉಪ್ಪುಮರಳಿನಲ್ಲಿ ಒಂದೇ ಆವರ್ತನದ ಅಗ್ಗದ ಯಂತ್ರ ಏನು ಮಾಡಿದರೂ ಬಡಬಡಿಸುತ್ತದೆ, ಉಪ್ಪುನೀರೇ ವಿದ್ಯುದ್ವಾಹಕವಲ್ಲವೇ. ಬಹು ಆವರ್ತನದ ಯಂತ್ರ ಅಥವಾ ಪಲ್ಸ್ ಮಾದರಿಯದು ಅಲ್ಲಿ ಬೇಕು, ಆದರೆ ಪಲ್ಸ್ ಯಂತ್ರಕ್ಕೆ ಮೊಳೆಗೂ ಮೊಹರಿಗೂ ಭೇದ ಸರಿಯಾಗಿ ತಿಳಿಯದು.

ಇಷ್ಟಾದ ಮೇಲೂ ನೂರು ಸದ್ದಿಗೆ ತೊಂಬತ್ತಕ್ಕಿಂತ ಹೆಚ್ಚು ಕಸವೇ. ಸೋಡಾ ಬಾಟಲಿಯ ಮುಚ್ಚಳ, ಪಂಪ್‌ಸೆಟ್ಟಿನ ತಂತಿ, ಗುಟ್ಕಾ ಪೊಟ್ಟಣದ ಹಾಳೆ, ಎತ್ತಿನ ಲಾಳ. ತೀರದಲ್ಲಾದರೆ ಬೀಸುಬಲೆಯ ಅಂಚಿನಿಂದ ಕಳಚಿಬಿದ್ದ ಸೀಸದ ಗುಂಡುಗಳು. ಈ ಸೀಸದ ಗುಂಡಿನ ಮೇಲೆ ನನಗೆ ವಿಶೇಷ ಆಸಕ್ತಿ, ಕಾರಣ ಹೇಳುತ್ತೇನೆ.

ಕದಂಬರಿಗಿಂತ ಮೊದಲು ಬನವಾಸಿಯ ಸೀಮೆಯನ್ನಾಳಿದ ಚುಟು ಅರಸರು ಸೀಸದ ನಾಣ್ಯ ಅಚ್ಚು ಹಾಕಿಸಿದರು. ದಪ್ಪನೆಯ, ಕೈಗೆ ಭಾರವೆನಿಸುವ ಬಿಲ್ಲೆಗಳು. ಒಂದು ಮುಖದಲ್ಲಿ ಕಮಾನುಗಳನ್ನು ಪೇರಿಸಿದಂಥ ಬೆಟ್ಟ, ಸುತ್ತ ಬ್ರಾಹ್ಮಿ ಅಕ್ಷರಗಳಲ್ಲಿ ‘ರಾಣೋ ಚುಟುಕುಲಾನಂದಸ’ ಅಥವಾ ‘ರಾಣೋ ಮುಳಾನಂದಸ’ ಎಂಬ ಪ್ರಾಕೃತ ಬರಹ, ಇನ್ನೊಂದು ಮುಖದಲ್ಲಿ ಕಟಾಂಜನದ, ಅಂದರೆ ಬೇಲಿಯ, ಒಳಗಿನ ಮರ. ನಾಣ್ಯಶಾಸ್ತ್ರದ ಗ್ರಂಥಗಳಲ್ಲಿ ಇವು ಕಾರವಾರದಲ್ಲಿ ಸಿಕ್ಕ ನಾಣ್ಯಗಳೆಂದೇ ಹೆಸರಾಗಿವೆ. ಕಾರವಾರ ಎಂದರೆ ಎಲ್ಲಿ? ಕಾಳಿ ಹೊಳೆಯ ದಡದ ಕಡವಾಡವೋ, ಮಾಜಾಳಿಯೋ, ಇನ್ನಾವುದೋ ಊರಿನ ಕೆರೆಯೋ? ಜೊತೆಗೆ ಮಡಕೆ ಚೂರುಗಳಿದ್ದವೇ, ಇಟ್ಟಿಗೆ ಕಟ್ಟಡವಿತ್ತೇ? ಇವು ತಿಳಿದರೆ ಬನವಾಸಿಯ ಸರಕು ಘಟ್ಟವಿಳಿದು ಯಾವ ಬಂದರಿಗೆ ಬರುತ್ತಿತ್ತು ಎಂಬ ಪ್ರಶ್ನೆಗೆ ಉತ್ತರ ಹತ್ತಿರವಾಗುತ್ತದೆ. ನಾಣ್ಯವೊಂದೇ ಅದನ್ನು ಹೇಳಲಾರದು. ಇಂಥ ಬಿಲ್ಲೆಯೊಂದು ನಿಮ್ಮ ಯಂತ್ರದಡಿ ಬಂದರೂ ಅದರ ಸದ್ದು ಬಲೆಯ ಗುಂಡಿನ ಸದ್ದಿನಂತೆಯೇ ಇರುತ್ತದೆ. ಕೈಗೆ ಬಂದದ್ದು ಬಿಳಿ ಪುಡಿ ಹಿಡಿದ ಬೂದು ಮುದ್ದೆ. ಆ ಬಿಳಿ ಪುಡಿ ವಿಷ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಅದನ್ನು ಮರದ ಪೆಟ್ಟಿಗೆಯಲ್ಲೋ ರಟ್ಟಿನ ಡಬ್ಬಿಯಲ್ಲೋ ಇಟ್ಟರೆ ಮರದಿಂದ ಹೊರಡುವ ಆಮ್ಲದ ಆವಿಗೆ ಸೀಸ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ.

ಚಿನ್ನದ ಆಸೆಯಿದ್ದರೆ ಅದನ್ನೂ ಹೇಳಿಬಿಡುತ್ತೇನೆ. ವಿಜಯನಗರದ ಕಾಲದಿಂದ ನಮ್ಮ ಕಡೆ ಓಡಾಡುತ್ತಿದ್ದ ಚಿನ್ನದ ‘ಹಣ’ ಅರ್ಧ ಗ್ರಾಮಿಗೂ ಕಡಿಮೆ ತೂಕದ್ದು. ಕೆಂಪುಮಣ್ಣಿನಲ್ಲಿ ಅದನ್ನು ನಿಮ್ಮ ಯಂತ್ರ ಗುರುತಿಸುವುದೇ ಇಲ್ಲ. ಇಕ್ಕೇರಿ ವರಾಹ 3.4 ಗ್ರಾಂ ತೂಗುತ್ತದೆ, ಅದರ ಮೇಲೆ ಶಿವ-ಪಾರ್ವತಿಯರು ಕೂತಿದ್ದಾರೆ. ಹೈದರಾಲಿ ಇಕ್ಕೇರಿ ಅರಸರ ರಾಜಧಾನಿ ಬಿದನೂರನ್ನು ಗೆದ್ದ ಮೇಲೂ ಆ ಶಿವ-ಪಾರ್ವತಿಯರನ್ನು ತೆಗೆಯದೆ ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಹಾಕಿಸಿದ. ವ್ಯಾಪಾರಿಗಳು ನಂಬಿದ ಮುಖವನ್ನು ಬದಲಿಸಬಾರದೆಂಬ ಜಾಣತನ ಅವನಿಗಿತ್ತು.

ಮಿರ್ಜಾನ್ ಕೋಟೆಯೊಳಗೆ 2000-01ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ಉತ್ಖನನ ನಡೆಸಿತು. ಗೋವೆಯ ಪೋರ್ಚುಗೀಸ್ ವೈಸರಾಯನ ಕಾಲದ, 1652-53ರ ಚಿನ್ನದ ನಾಣ್ಯವೊಂದು, ತೋಪಿನ ಗುಂಡುಗಳು, ಚೀನೀ ಪಿಂಗಾಣಿಯ ಚೂರುಗಳು ಸಿಕ್ಕವು. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ತಳುಕು ಹಾಕಿಕೊಂಡ ಕೋಟೆಯಲ್ಲಿ, ಆಕೆಯ ಕಾಲದ ನಂತರದ ನಾಣ್ಯ. ಅದೇ ನಾಣ್ಯವನ್ನು ಯಾರಾದರೂ ರಾತ್ರೋರಾತ್ರಿ ಕಿತ್ತು ಅಕ್ಕಸಾಲಿಗನಿಗೆ ಕೊಟ್ಟಿದ್ದರೆ ಕೆಲವು ಗ್ರಾಂ ಚಿನ್ನ, ಅಷ್ಟೇ. ಕಟ್ಟಡದ ಯಾವ ಹಂತದಲ್ಲಿ, ಯಾವ ಚೂರುಗಳ ಜೊತೆ ಸಿಕ್ಕಿತೆಂಬ ದಾಖಲೆ ಇರುವುದರಿಂದ ಅದು ಕೋಟೆಯ ಕಾಲನಿರ್ಣಯಕ್ಕೆ ಸಾಕ್ಷಿಯಾಯಿತು.

ಹಾಗೆಂದು ಯಂತ್ರವೇ ಪಾಪಿ ಎನ್ನುವ ಪೈಕಿ ನಾನಲ್ಲ. ಅಮೆರಿಕದ ಮೊಂಟಾನಾದಲ್ಲಿ ಲಿಟಲ್ ಬಿಗ್‌ಹಾರ್ನ್ ಎಂಬ ರಣಭೂಮಿ ಇದೆ. 1876ರ ಕದನ. 1983ರಲ್ಲಿ ಕಾಡ್ಗಿಚ್ಚಿಗೆ ಹುಲ್ಲೆಲ್ಲ ಸುಟ್ಟ ಮೇಲೆ ಪುರಾತತ್ವಜ್ಞರು ಹವ್ಯಾಸಿ ಲೋಹಶೋಧಕರನ್ನೇ ಕರೆದು ಸಾಲಾಗಿ ನಡೆಸಿದರು. ಸದ್ದು ಬಂದಲ್ಲಿ ಬಾವುಟ ನೆಟ್ಟರು, ಅಳತೆ ಮಾಡಿದರು, ಆಮೇಲೆ ತೆಗೆದರು. ಖಾಲಿ ತೋಟಾಗಳ ಹಿಂಬದಿಯಲ್ಲಿ ಬಂದೂಕಿನ ಸೂಜಿ ಬಿಟ್ಟ ಗುರುತುಗಳನ್ನು ಹೋಲಿಸಿ, ಒಂದೊಂದು ಬಂದೂಕು ಆ ದಿನ ಎಲ್ಲಿಂದ ಎಲ್ಲಿಗೆ ಓಡಿತು ಎಂದು ನಕ್ಷೆ ಬರೆದರು. ತೋಟಾಗಳಿಗೆ ಗುಜರಿ ಬೆಲೆಯೂ ಇರಲಿಲ್ಲ. ಇಂಗ್ಲೆಂಡಿನ ಹಾಕ್ಸನ್ ಎಂಬ ಹಳ್ಳಿಯಲ್ಲಿ 1992ರಲ್ಲಿ ರೈತನೊಬ್ಬನ ಕಳೆದುಹೋದ ಸುತ್ತಿಗೆ ಹುಡುಕಲು ಹೋದವನಿಗೆ ರೋಮನ್ ಚಿನ್ನ ಬೆಳ್ಳಿಯ ರಾಶಿ ಸಿಕ್ಕಿತು. ಅವನು ಸ್ವಲ್ಪ ತೆಗೆದವನೇ ಅಗೆಯುವುದನ್ನು ನಿಲ್ಲಿಸಿ ತಿಳಿಸಿದ. ಮಾರನೆಯ ದಿನವೇ ಪುರಾತತ್ವಜ್ಞರು ಬಂದು ತೆಗೆದದ್ದರಿಂದ, ಕೊಳೆತುಹೋಗಿದ್ದ ಮರದ ಪೆಟ್ಟಿಗೆಯೊಳಗೆ ಯಾವ ವಸ್ತುವನ್ನು ಹೇಗೆ ಜೋಡಿಸಿಟ್ಟಿದ್ದರು ಎಂಬುದೂ ತಿಳಿಯಿತು. ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿದೆ.

ನಿಮ್ಮ ಗದ್ದೆಗೆ ಬರುತ್ತೇನೆ. ಯಂತ್ರವನ್ನು ಪಕ್ಕಕ್ಕಿಟ್ಟು ಮೊದಲು ಮನೆಯ ಹಿರಿಯರ ಹತ್ತಿರ ಕೂತುಕೊಳ್ಳಿ. ಗುಂಡು ಸಿಕ್ಕಿದ್ದು ಯಾವ ಗದ್ದೆಯ ಯಾವ ಮೂಲೆಯಲ್ಲಿ, ನೇಗಿಲಿಗೆ ತಾಗಿದ್ದೋ ಬಾವಿ ತೋಡುವಾಗ ಬಂದದ್ದೋ, ಅದರ ಜೊತೆ ಬೇರೇನಾದರೂ ಇತ್ತೇ, ಅಕ್ಕಪಕ್ಕದವರ ಮನೆಯಲ್ಲೂ ಇಂಥ ಗುಂಡಿದೆಯೇ ಎಂದು ಕೇಳಿ. ಕರಾವಳಿಯಲ್ಲಿ ಇಂಥ ಗುಂಡುಗಳು ಬಾಗಿಲು ಬೀಸದಂತೆ ತಡೆಗೆ ಇಟ್ಟದ್ದನ್ನೂ, ತುಳಸಿಕಟ್ಟೆಯ ಮೇಲೆ ಇಟ್ಟದ್ದನ್ನೂ ನೋಡಿದ್ದೇನೆ. ಸರ್ವೆ ನಂಬರ್ ಹಾಕಿ, ಗದ್ದೆಯ ನಕ್ಷೆಯಲ್ಲಿ ಗುರುತು ಮಾಡಿ. ಊರಿನ ನಾಲ್ಕಾರು ಗುಂಡುಗಳ ಜಾಗ ಹೀಗೆ ಗುರುತಾದರೆ ಅವು ಯಾವ ದಿಕ್ಕಿನಿಂದ ಬಂದಿರಬಹುದು, ಹೊಳೆಯ ಕಡೆಯಿಂದಲೋ ಗುಡ್ಡದ ಕಡೆಯಿಂದಲೋ ಎಂಬ ಮಾತಿಗೆ ಆಧಾರ ಸಿಗುತ್ತದೆ. ಒಂದೇ ಗುಂಡನ್ನು ನೋಡಿ ಪೋರ್ಚುಗೀಸರದ್ದೋ ಮರಾಠರದ್ದೋ ಹೈದರನದ್ದೋ ಎಂದು ಹೇಳುವವರನ್ನು ನಂಬಬೇಡಿ.

ಮಳೆ ಬಿದ್ದು ಗದ್ದೆ ಉತ್ತ ಮೇಲೆ ನೇಗಿಲ ಸಾಲಿನಲ್ಲಿ ಬರಿಗೈಲಿ ನಡೆಯಿರಿ. ಕಣ್ಣಿಗೆ ಕಾಣುವ ಕಪ್ಪು-ಕೆಂಪು ಮಡಕೆ ಚೂರು, ನೀಲಿ ಬಳ್ಳಿಯ ಪಿಂಗಾಣಿ, ಬಣ್ಣದ ಗಾಜಿನ ಬಳೆಯ ತುಂಡು ಯಾವುದಿದ್ದರೂ ಬಿದ್ದಲ್ಲೇ ಫೋಟೋ ತೆಗೆಯಿರಿ. ಪಕ್ಕದಲ್ಲಿ ಅಳತೆಗೆ ಒಂದು ಪೆನ್ನೋ ಪಟ್ಟಿಯೋ ಇಡಿ, ಮೊಬೈಲಿನ ಜಿಪಿಎಸ್ ಅಂಕಿ ಬರೆದುಕೊಳ್ಳಿ. ಆ ಪಿಂಗಾಣಿ ಚೂರು ತಾಮ್ರದ ಕಾಸಿಗಿಂತ ಹೆಚ್ಚು ಮಾತಾಡುತ್ತದೆ, ಯಂತ್ರಕ್ಕೆ ಅದು ಕೇಳಿಸುವುದೇ ಇಲ್ಲ. ಬಾವಿ ತೋಡುವಾಗಲೋ ಕೆರೆಯ ಹೂಳು ತೆಗೆಯುವಾಗಲೋ ತಾನಾಗಿ ನಾಣ್ಯ, ವಿಗ್ರಹ ಏನಾದರೂ ಬಂದರೆ ಅಗೆತ ನಿಲ್ಲಿಸಿ. ಹುಣಸೆಹಣ್ಣು, ನಿಂಬೆ, ಬೂದಿ ಯಾವುದನ್ನೂ ಹಾಕಿ ತಿಕ್ಕಬೇಡಿ. ತಾಮ್ರದ ಹಸಿರು ಪೊರೆಯಡಿಯೇ ಅಕ್ಷರ ಉಳಿದಿರುತ್ತದೆ. ಸಿಕ್ಕ ದಿನ, ಸರ್ವೆ ನಂಬರ್, ಆಳ, ವಸ್ತುಗಳ ಪಟ್ಟಿ, ಫೋಟೋ ಸೇರಿಸಿ ಜಿಲ್ಲಾಧಿಕಾರಿಗೆ ಪತ್ರ ಬರೆಯಿರಿ. ಪ್ರತಿಯನ್ನು ತಹಶೀಲ್ದಾರರಿಗೂ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೂ ಕಳಿಸಿ, ಸ್ವೀಕೃತಿ ತೆಗೆದುಕೊಳ್ಳಿ. ಉತ್ತರ ತಡವಾಗಬಹುದು, ಸ್ವೀಕೃತಿ ಇದ್ದರೆ ನೀವು ಸುರಕ್ಷಿತ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಮತ್ತು ಶಾಸನಶಾಸ್ತ್ರದ ವಿಭಾಗವಿದೆ. ನಿಮ್ಮ ನಕ್ಷೆ, ಫೋಟೋಗಳನ್ನು ಅಲ್ಲಿಯವರಿಗೂ ತೋರಿಸಿ.

ತರಿಸಿದ ಯಂತ್ರವನ್ನು ಮೂಲೆಗೆಸೆಯಬೇಕಾಗಿಲ್ಲ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ತೋಟದಲ್ಲಿ ಬೀಳಿಸಿದ ಕತ್ತಿ, ಅಂಗಳದಲ್ಲಿ ಕಳೆದ ಮೂಗುಬೊಟ್ಟು, ಸಮಾರಂಭದ ಚಪ್ಪರದಡಿ ಬಿದ್ದ ಉಂಗುರ, ಗದ್ದೆಯಲ್ಲಿ ಹೂತುಹೋದ ಪಂಪಿನ ಕಬ್ಬಿಣದ ಪೈಪು, ಇವುಗಳಿಗೆ ಅದು ಪಕ್ಕಾ ಸಾಧನ. ಅಂಗಳದಲ್ಲಿ ನೀವೇ ಒಂದು ನಾಣ್ಯವನ್ನು ನಾಲ್ಕು ಬೆರಳು ಆಳಕ್ಕೆ ಹೂತು, ಒಣ ಮಣ್ಣಿನಲ್ಲೊಮ್ಮೆ, ನೀರು ಹಾಕಿ ಒಮ್ಮೆ, ಸುಟ್ಟ ಮಣ್ಣಿನಲ್ಲೊಮ್ಮೆ ಯಂತ್ರ ಬೀಸಿ ಸದ್ದುಗಳನ್ನು ಕಲಿತುಕೊಳ್ಳಿ. ಮುಂದೆ ಅನುಮತಿ ಪಡೆದ ತಂಡವೊಂದು ನಿಮ್ಮ ಕಡೆ ಸಮೀಕ್ಷೆಗೆ ಬಂದು, ನೆಲ ಬಲ್ಲ ಒಬ್ಬರು ಬೇಕೆಂದು ಕೇಳಿದರೆ ಆ ಕಲಿಕೆ ಕೆಲಸಕ್ಕೆ ಬರುತ್ತದೆ. ಗುಂಡಿನ ಸುತ್ತಳತೆ, ತೂಕ ಎರಡನ್ನೂ ಬರೆದು, ನಾಲ್ಕು ಬದಿಯ ಫೋಟೋ ಜೊತೆಗೆ ಕಳಿಸಿ. ತೂತಿಲ್ಲವೆಂದು ಖಚಿತವಾದ ಮೇಲೆ ಮಾತ್ರ.